ಮೋರಟಗಿ ಪುಟದ ಆರನೆಯ ಹೆಸರು

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪನ ಅಂಗಡಿಯಲ್ಲಿ ಒಂದೇ ಬೆಳಿಗ್ಗೆ ಮೂವತ್ತೊಂದು ಸೂರ್ಯರು ಹುಟ್ಟಿದ್ದನ್ನು ಕಂಡಿದ್ದೇನೆ. ಇದು ಕಥೆಯಲ್ಲ, ಬೆರಳಿಟ್ಟು ಎಣಿಸಿದ ಲೆಕ್ಕ. ಅಪ್ಪನದು ಸಿಂದಗಿ ಪೇಟೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ. ಬಾಗಿಲು ಪೂರ್ವಕ್ಕಿತ್ತು. ಎದುರು ಮಾಳಿಗೆಯ ಮೇಲಿಂದ ಬಿಸಿಲು ಮೆಲ್ಲಗೆ ಇಳಿದು ಒಳಗೆ ಬಂದರೆ ಒಂದೊಂದು ಕೊಡದ ಹೊಟ್ಟೆಯಲ್ಲೂ ಒಂದೊಂದು ಪುಟ್ಟ ಸೂರ್ಯ ಕೂತಿರುತ್ತಿದ್ದ. ಒಂದು ಕೊಡ ಮಾರಾಟವಾದರೆ ಮರುದಿನ ಸೂರ್ಯ ಒಂದು ಕಡಿಮೆ. ಹೊಸ ಮಾಲು ಬಂದರೆ ಮತ್ತೆ ಏರಿಕೆ. ನಾನು ಐದನೆಯ ಇಯತ್ತೆಯಲ್ಲಿದ್ದೆ. ಕಂಡದ್ದನ್ನೆಲ್ಲ ವಾರ ಹಾಕಿ ಬರೆದಿಡುವ ಗೀಳು ಆಗಲೇ ಹತ್ತಿತ್ತು.

ಅಂಗಡಿಯ ಹಿಂಭಾಗದಲ್ಲಿ ನನ್ನೆದೆಯವರೆಗೆ ಬರುವ ತಾಮ್ರದ ಹಂಡೆಯೊಂದಿತ್ತು. ಅದರೊಳಗೆ ತಲೆಯಿಟ್ಟು ಕಣ್ಣು ಮುಚ್ಚಿದರೆ ನಮ್ಮದೇ ಪೇಟೆ ಎಲ್ಲೋ ದೂರದ ಊರಿನಂತೆ ಕೇಳಿಸುತ್ತಿತ್ತು. ಟಾಂಗಾ ಕುದುರೆಯ ಗೆಜ್ಜೆ, ಮಿರ್ಚಿ ಕರಿಯುವ ಎಣ್ಣೆಯ ಸದ್ದು, ಅಪ್ಪನ ಉಳಿಯ ಟಿಕ್ ಟಿಕ್, ಎಲ್ಲವೂ ನೀರಿನಡಿಯಿಂದ ಬಂದ ಹಾಗೆ. ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ವಾಸನೆ ಸಂಜೆಯವರೆಗೂ ಮೂಗಿನಲ್ಲೇ ಉಳಿಯುತ್ತಿತ್ತು.

ಆ ಟಿಕ್ ಟಿಕ್ ಏನೆಂದು ಮೊಮ್ಮಕ್ಕಳಾದ ನಿಮಗೆ ಹೇಳಬೇಕು. ಆಗ ಯಾರ ಮನೆಯಲ್ಲಿ ಮದುವೆಯಾದರೂ ಓಣಿಯ ಎಲ್ಲ ಮನೆಗಳಿಂದ ಪಾತ್ರೆ ತರುತ್ತಿದ್ದರು. ಊಟ ಮುಗಿದ ಮೇಲೆ ಯಾವ ಗಂಗಾಳ ಯಾರದು ಎಂದು ತಿಳಿಯಬೇಕಲ್ಲ? ಅದಕ್ಕೆ ಕೊಳ್ಳುವಾಗಲೇ ಪಾತ್ರೆಯ ಮೇಲೆ ಮನೆಯ ಯಜಮಾನನ ಹೆಸರು ಕೆತ್ತಿಸುತ್ತಿದ್ದರು. ಆದರೆ ಪಾತ್ರೆ ಕೊಳ್ಳುವವರು ಹೆಂಗಸರು. ಅವರು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಅಂಜಿಕೆ. ಹಿಂದೂಗಳ ಮನೆಯಲ್ಲೂ ಅಷ್ಟೇ, ಮುಸ್ಲಿಮರ ಮನೆಯಲ್ಲೂ ಅಷ್ಟೇ.

ಅಪ್ಪ ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. ಬಂದ ಹೆಂಗಸನ್ನು ಗಾದಿಯ ಮೇಲೆ ಕೂಡಿಸಿ, ತಂಬಿಗೆಯಲ್ಲಿ ನೀರು ಕೊಟ್ಟು, ತಾವು ಗೋಡೆಯ ಕಡೆಗೆ ತಿರುಗಿ ಕೂಡುತ್ತಿದ್ದರು. ಕೇಳುವ ಕೆಲಸ ಅಕ್ಕನದು. ಯಾವ ಊರು, ಬಾವಿಯ ಕಡೆಯ ಮನೆಯೋ ಮಸೀದಿಯ ಕಡೆಯ ಮನೆಯೋ, ಅತ್ತೆಯ ಹೆಸರೇನು, ಮೈದುನರು ಎಷ್ಟು ಮಂದಿ ಎಂದು ಅಕ್ಕ ಸಾವಕಾಶ ವಿಚಾರಿಸುತ್ತಿದ್ದಳು. ನನ್ನ ಹತ್ತಿರ ಒಂದು ಉದ್ದನೆಯ ನೋಟುಬುಕ್ಕು. ಊರಿಗೊಂದು ಪುಟ. ಕೆತ್ತಿದ ಹೆಸರನ್ನೆಲ್ಲ ಮನೆಯ ಗುರುತಿನ ಸಮೇತ ಬರೆದಿದ್ದೆ. ಅಣ್ಣತಮ್ಮಂದಿರ ಹೆಸರೂ ಅದರಲ್ಲಿದ್ದವು. ಅಕ್ಕ ಓಣಿ ಹೇಳಿದ ಕೂಡಲೇ ಆ ಪುಟ ತೆಗೆದು ಮೆಲುದನಿಯಲ್ಲಿ ಒಂದೊಂದೇ ಹೆಸರು ಓದುತ್ತಿದ್ದೆ. ಸರಿಯಾದ ಹೆಸರು ಬಂದಾಗ ಆ ಹೆಂಗಸು ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದಳು. ಅಷ್ಟು ಸಾಕು. ಅಪ್ಪ ಈ ಕಡೆ ತಿರುಗಿ ಉಳಿ ಎತ್ತಿಕೊಳ್ಳುತ್ತಿದ್ದರು.

ಅದೇ ನೋಟುಬುಕ್ಕಿನ ಕೊನೆಯ ಪುಟದಲ್ಲಿ ನಮ್ಮ ಪೇಟೆಯ ಚಿತ್ರವಿತ್ತು. ಎರಡು ಗೆರೆ ಎಳೆದು, ಆಚೆ ಈಚೆ ಅಂಗಡಿಗಳ ಚೌಕ ಬರೆದಿದ್ದೆ. ರಸ್ತೆಗೆ ಡಾಂಬರು ಬಿದ್ದ ವರ್ಷ ಆ ಚಿತ್ರದಲ್ಲಿ ಹೊಡೆದುಹಾಕಿದ ಚೌಕಗಳು ಹೆಚ್ಚಾದವು. ಪೇಟೆಗೆ ಬೆಲೆ ಬಂತು, ಬಾಡಿಗೆ ಏರಿತು. ಕಂಬಳಿ ಅಂಗಡಿ ಹೋಗಿ ರೆಡಿಮೇಡ್ ಬಟ್ಟೆಯ ಅಂಗಡಿ ಬಂತು. ಬಣ್ಣಬಣ್ಣದ ಶೀಶೆ ಇಟ್ಟುಕೊಂಡಿದ್ದ ಅತ್ತರಿನ ಅಜ್ಜ ಹಿಂದಿನ ಓಣಿಗೆ ಹೋದರು. ಅವರ ಜಾಗದಲ್ಲಿ ಕೈಗಡಿಯಾರದ ಅಂಗಡಿ. ಆದರೂ ಮಳೆ ಬಂದ ದಿನ ಆ ಗಡಿಯಾರಗಳ ನಡುವಿನಿಂದ ಗುಲಾಬಿಯ ವಾಸನೆ ಬರುತ್ತಿತ್ತು. ಬುಧವಾರ ಒಮ್ಮೆ, ಶನಿವಾರ ಒಮ್ಮೆ ಎಂದು ಅದನ್ನೂ ಬರೆದಿದ್ದೇನೆ. ಗಾಜಿನ ಬಾಗಿಲುಗಳು ಬಂದವು. ಹಳ್ಳಿಯಿಂದ ಬಂದವರು ಅವುಗಳಲ್ಲಿ ತಮ್ಮ ಮುಖ ನೋಡಿಕೊಂಡು, ತಳ್ಳುವುದೋ ಎಳೆಯುವುದೋ ತಿಳಿಯದೆ ನಿಲ್ಲುತ್ತಿದ್ದರು.

ನಮ್ಮ ಪಕ್ಕದ ಮಳಿಗೆಗೆ ಸ್ಟೀಲ್ ಪಾತ್ರೆಯವರು ಬಂದರು. ಬೆಂಗಳೂರು ಕಡೆಯ ಒಬ್ಬ ಹುಡುಗ ವ್ಯಾಪಾರಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವರ ಅಂಗಡಿಯಲ್ಲಿ ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಸ್ಟೀಲ್ ಪಾತ್ರೆಗಳು ಬೆಳದಿಂಗಳಿನ ಹಾಗೆ ಬೆಳ್ಳಗೆ, ತಣ್ಣಗೆ. ಅವುಗಳಿಗೆ ಹುಣಸೆಹಣ್ಣು ಬೇಡ, ಕಲಾಯಿ ಬೇಡ. ಹೆಸರು ಬರೆಯಲು ಕರೆಂಟಿನ ಯಂತ್ರವೂ ಇತ್ತು. ಜೀರುಂಡೆಯ ಹಾಗೆ ಜುಂಯ್ ಎನ್ನುತ್ತಿತ್ತು. ವ್ಯಾಪಾರ ಬೆಳೆದಂತೆ ಅವರಿಗೆ ಜಾಗ ಸಾಲಲಿಲ್ಲ. ನಡುವಿನ ಗೋಡೆ ಒಡೆದು ನಮ್ಮ ಮಳಿಗೆಯನ್ನೂ ಸೇರಿಸಿಕೊಳ್ಳುತ್ತೇವೆ, ಬಾಡಿಗೆ ಮೂರು ಪಟ್ಟು ಕೊಡುತ್ತೇವೆ ಎಂದು ಮಾಲೀಕರಿಗೆ ಹೇಳಿದರು. ಮಾಲೀಕರು ಅಪ್ಪನ ಹತ್ತಿರ ಬಂದು ಬಹಳ ಹೊತ್ತು ಮಳೆ, ಬೆಳೆ ಮಾತಾಡಿದರು. ಏಳುವಾಗ, ನೀವೂ ಅಷ್ಟು ಕೊಡಿ, ಇಲ್ಲವಾದರೆ ಅಮಾವಾಸ್ಯೆಗೆ ಜಾಗ ಬಿಡಿ ಎಂದರು.

ಅಷ್ಟು ಕೊಡುವುದು ಅಪ್ಪನಿಂದ ಆಗದ ಮಾತು. ಜಾಗ ಬಿಟ್ಟರೆ ನಾವು ಇಂಗಳೇಶ್ವರಕ್ಕೆ, ಅಜ್ಜನ ಮನೆಗೆ ಹೋಗಬೇಕಿತ್ತು. ಅಪ್ಪ ಅಲ್ಲಿ ಹೊಲ ನೋಡಿಕೊಳ್ಳುವುದು, ಉಳಿ ಸುತ್ತಿಗೆ ಅಟ್ಟಕ್ಕೆ ಹಾಕುವುದು. ಅಜ್ಜನ ಮನೆ ನನಗೂ ಇಷ್ಟವೇ. ಆದರೆ ಅಲ್ಲಿ ಅಪ್ಪನ ಕೈಯಲ್ಲಿ ಉಳಿ ಇರುವುದಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಸಂತೆ. ಬೆಳಿಗ್ಗೆಯಿಂದಲೇ ಅಪ್ಪ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿ ಗೋಣಿಚೀಲಕ್ಕೆ ತುಂಬತೊಡಗಿದ್ದರು. ಒಂದು ಕೊಡ ಒಳಗೆ ಹೋಯಿತು, ಒಂದು ಸೂರ್ಯ ಕಡಿಮೆಯಾಯಿತು. ಹತ್ತು ಗಂಟೆಗೆ ಏಳೇ ಉಳಿದಿದ್ದವು. ಅಕ್ಕ ಚೀಲದ ಬಾಯಿ ಹೊಲಿಯುತ್ತಿದ್ದಳು. ಹೊಲ ಸುಟ್ಟ ವಾಸನೆ ಹೊತ್ತ ಗಾಳಿ ಬೀದಿಯ ತುಂಬ ತೇಲುತ್ತಿತ್ತು. ನಾನು ಹೊರಗೆ ಕಟ್ಟೆಯ ಮೇಲೆ ಕೂತು, ಬೇರೇನೂ ತೋಚದೆ, ಸ್ಟೀಲ್ ಅಂಗಡಿಗೆ ಹೋಗಿ ಬರುವ ಹೆಂಗಸರನ್ನು ಎಣಿಸತೊಡಗಿದೆ. ಸ್ಟೀಲ್ ಅಂಗಡಿಗೆ ಜೊತೆಯಲ್ಲಿ ಬರುತ್ತಿದ್ದ ಗಂಡಸರೆಲ್ಲ ಆ ದಿನ ದನದ ಸಂತೆಯಲ್ಲಿದ್ದರು.

ಮಧ್ಯಾಹ್ನದ ಹೊತ್ತಿಗೆ ನನ್ನ ಲೆಕ್ಕ ವಿಚಿತ್ರವಾಗಿ ಕಂಡಿತು. ಒಳಗೆ ಹೋದವರು ಹದಿನಾಲ್ಕು. ಪಾತ್ರೆ ಹಿಡಿದು ಹೊರಗೆ ಬಂದವರು ಐವರು. ಉಳಿದ ಒಂಬತ್ತು ಮಂದಿ ಬರಿಗೈಯಲ್ಲಿ, ಮುಖ ಕೆಂಪಗೆ ಮಾಡಿಕೊಂಡು, ಬೇಗಬೇಗನೆ ಇಳಿದು ಹೋಗಿದ್ದರು. ನಾನು ಗಾಜಿನ ಬಾಗಿಲ ಹತ್ತಿರ ಹೋಗಿ ನಿಂತೆ. ಹುಡುಗ ವ್ಯಾಪಾರಿ ಯಂತ್ರ ಹಿಡಿದು, ತುಂಬಿದ ಅಂಗಡಿಯಲ್ಲಿ, ಒಬ್ಬ ಹೆಂಗಸನ್ನು ಕೇಳುತ್ತಿದ್ದರು.

"ನಿಮ್ಮ ಯಜಮಾನರ ಹೆಸರು ಹೇಳಿ ಅಮ್ಮಾ. ಸ್ವಲ್ಪ ಜೋರಾಗಿ ಹೇಳಿ, ಮಿಷನ್ ಸದ್ದಿನಲ್ಲಿ ಕೇಳಿಸಲ್ಲ."

ಆಕೆ ಕೊಡವನ್ನು ಅಲ್ಲೇ ಇಟ್ಟು ಎದ್ದುಬಿಟ್ಟಳು. ಅವರು ಅರ್ಥವಾಗದೆ ಕಣ್ಣು ಪಿಳಿಪಿಳಿ ಮಾಡಿದರು. ಕೊಡ ಚೆನ್ನಾಗಿಲ್ಲವೇ ಎಂದು ತಿರುವಿ ಮುರುವಿ ನೋಡಿದರು.

ಆಕೆಯ ಜೊತೆಯಲ್ಲಿದ್ದ ಮುದುಕಿ ಮೆಟ್ಟಿಲಿಳಿಯುತ್ತ ಅಪ್ಪನನ್ನು ಕಂಡು ನಿಂತಳು. ಮೋರಟಗಿಯವಳು, ನಮ್ಮ ಹಳೆಯ ಗಿರಾಕಿ. "ಪಾಪ, ಆ ಹುಡುಗನ ಮನಿಯಾಗ ಹೆಣ್ಮಕ್ಕಳು ಅದಾರೋ ಇಲ್ಲೋ? ಪೊಲೀಸರು ಕೇಳಿದಂಗ ಕೇಳ್ತಾನ. ನನ್ನ ಸೊಸಿ ಬೆವತು ಹೋದ್ಲು ನೋಡಪಾ," ಎಂದಳು. ಸೊಸೆಗೆ ಆ ಸ್ಟೀಲ್ ಕೊಡದ ಮೇಲೆ ಮನಸ್ಸಿದೆ, ಆದರೆ ಹೆಸರಿಲ್ಲದೆ ಒಯ್ದರೆ ಮುಂದಿನ ಮದುವೆಯಲ್ಲೇ ಕಳೆದುಹೋಗುತ್ತದೆ ಎಂದೂ ಸೇರಿಸಿದಳು.

ಮುದುಕಿ ಮಗನ ಹೆಸರನ್ನು ತಾನೇ ಹೇಳಬಹುದಿತ್ತು. ಆದರೆ ಆ ಮಗನಿಗೆ ಆಕೆಯ ತೀರಿಹೋದ ಮಾವನ ಹೆಸರನ್ನೇ ಇಟ್ಟಿದ್ದರು. ಗಂಡನ ಹೆಸರಿನಂತೆ ಮಾವನ ಹೆಸರನ್ನೂ ಆಕೆ ಹೇಗೆ ಹೇಳಿಯಾಳು? ಹೀಗೆ ಅತ್ತೆ ಸೊಸೆ ಇಬ್ಬರ ಬಾಯಿಯೂ ಕಟ್ಟಿತ್ತು.

ಅಪ್ಪ ಹುಲ್ಲು ಕೊಡವಿಕೊಂಡು ಎದ್ದರು. ಯಾರ ಅಂಗಡಿಯ ಕೊಡ ಎಂದು ಅವರು ಯೋಚಿಸಲಿಲ್ಲ. ಸೊಸೆಯನ್ನು ಕಳಿಸಿ ಆ ಕೊಡವನ್ನೇ ತರಿಸಿದರು, ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಇಬ್ಬರನ್ನೂ ಕೂಡಿಸಿದರು, ಗೋಡೆಯ ಕಡೆಗೆ ತಿರುಗಿದರು. ಅಕ್ಕ ಸೂಜಿ ಬಿಟ್ಟು ಬಂದಳು. ಮಸೀದಿಯ ಕಡೆಯ ಓಣಿ ಎಂದು ತಿಳಿಯಿತು. ನಾನು ಮೋರಟಗಿಯ ಪುಟ ತೆಗೆದು ಓದತೊಡಗಿದೆ. ಒಂದು. ಎರಡು. ಮೂರನೆಯದಕ್ಕೆ ಮುದುಕಿ ನಕ್ಕು, "ಅವ ನಮ್ಮ ದೊಡ್ಡ ಮೈದುನ, ಅವಗ್ಯಾಕ ಕೊಡ? ಚರಿಗಿ ಕೊಟ್ರ ಅದನ್ನೂ ಕಳೀತಾನ," ಎಂದಳು. ನಾಲ್ಕು. ಐದು. ಆರನೆಯ ಹೆಸರಿಗೆ ಸೊಸೆಯ ಬಳೆಗಳು ಸಣ್ಣಗೆ ಸದ್ದು ಮಾಡಿದವು. ಸೆರಗು ಬಾಯಿಗೆ ಹೋಗಿತ್ತು.

ಸ್ಟೀಲಿನ ಮೇಲೆ ಅಪ್ಪನ ಉಳಿ ಜಾರಿತು. ಹಿತ್ತಾಳೆ ಮಾತು ಕೇಳುತ್ತದೆ, ಇದು ಕೇಳಲಿಲ್ಲ. ಅಪ್ಪ ಬೆವರು ಒರೆಸಿಕೊಂಡು, ಉಳಿಯನ್ನು ಕಲ್ಲಿಗೆ ಮಸೆದು, ಮತ್ತೆ ಹೊಡೆದರು. ಟಿಕ್ ಅಲ್ಲ, ಟಂಗ್ ಎಂದಿತು. ಅಕ್ಷರ ನಿಧಾನವಾಗಿ ಮೂಡಿತು. ಅಷ್ಟರಲ್ಲಿ ಬರಿಗೈಯಲ್ಲಿ ಇಳಿದಿದ್ದ ಇನ್ನೂ ಮೂವರು ತಿರುಗಿ ಬಂದು ಕಟ್ಟೆಯ ಹತ್ತಿರ ನಿಂತಿದ್ದರು.

ಹುಡುಗ ವ್ಯಾಪಾರಿ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದರು. ಸಂಜೆ, ಬಿಸಿಲು ಕೇಸರಿಯಾದಾಗ, ಮಾಲೀಕರನ್ನು ಕರೆದುಕೊಂಡು ಬಂದರು. ಅವರ ಮಾತು ಇಷ್ಟು: ಗೋಡೆ ಒಡೆಯುವುದು ಒಡೆಯುವುದೇ, ಮಳಿಗೆ ತಮಗೆ ಬೇಕು. ಆದರೆ ಹೊರಗಿನ ಕಟ್ಟೆ ಅಪ್ಪನದಾಗಿ ಇರಲಿ, ಅದಕ್ಕೆ ಬಾಡಿಗೆ ಬೇಡ. ತಮ್ಮ ಪಾತ್ರೆಗೆ ಹೆಸರು ಹಾಕಿಕೊಡಬೇಕು, ಯಂತ್ರವನ್ನೂ ಕಲಿಸುತ್ತೇವೆ.

ಅಪ್ಪ ಹಿಂದೆ ತಿರುಗಿದರು. ಒಳಗೆ ಉಳಿದಿದ್ದ ಏಳು ಕೊಡಗಳನ್ನು ನೋಡಿದರು. ಇಷ್ಟು ವರ್ಷ ತಾವು ಕೂತ ಗಾದಿಯ ಜಾಗ ನೋಡಿದರು. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಉಳಿಯ ಮೇಲೆ ಇನ್ನೂ ಇದ್ದವು.

"ಕುಂಡ್ರತೇನ್ರಿ," ಎಂದರು ಅಪ್ಪ. "ಆದ್ರ ಕಟ್ಟಿ ಮ್ಯಾಲ ನನ್ನ ಹಿತ್ತಾಳಿನೂ ಇರ್ತೈತಿ. ಮತ್ತ ಕೇಳೋದು ನಮ್ಮ ಹುಡುಗ್ಯಾರು ಕೇಳ್ತಾರ. ನೀವು ಒಳಗ ಸುಮ್ಮನಿರ್ರಿ."

ಮಾಲೀಕರು ನಕ್ಕರು. ಹುಡುಗ ವ್ಯಾಪಾರಿ ನಗಲಿಲ್ಲ, ಕೈ ಮುಗಿದರು.

ಮರುವಾರ ಗೋಡೆ ಬಿತ್ತು. ಮಣ್ಣಿನ ಧೂಳು ಎರಡು ದಿನ ಮಂಜಿನ ಹಾಗೆ ಪೇಟೆಯಲ್ಲಿ ನಿಂತಿತ್ತು. ಅಪ್ಪ ಅದು ಇಳಿಯುವವರೆಗೂ ಮನೆಯಿಂದ ಹೊರಬರಲಿಲ್ಲ. ಮೂರನೆಯ ದಿನ ಕಟ್ಟೆಯ ಮೇಲೆ ಬಂದು ಕೂತರು. ಅಕ್ಕನ ಮದುವೆಯಾಗಿ, ನನ್ನ ಮದುವೆಯಾಗಿ, ಕೈ ನಡುಗುವವರೆಗೂ ಅಲ್ಲೇ ಕೂತಿದ್ದರು. ಯಂತ್ರವನ್ನೂ ಕಲಿತರು. ಕರೆಂಟು ಹೋದ ದಿನ ಮಾತ್ರ ಅವರ ಮುಖ ಸ್ವಲ್ಪ ಹೆಚ್ಚು ಗೆಲುವಾಗಿರುತ್ತಿತ್ತು.

ಈಗ ನೀವು ಕಂಡಿರುವ ಅದೇ ಪೇಟೆಯಲ್ಲಿ ಮೂರಂತಸ್ತಿನ ಅಂಗಡಿಗಳಿವೆ. ರಸ್ತೆ ಅಗಲ ಮಾಡುವಾಗ ಕಟ್ಟೆಗಳೆಲ್ಲ ಹೋದವು. ಬಾಡಿಗೆ ಎಷ್ಟಿದೆಯೆಂದರೆ, ದೀಪಾವಳಿಗೆ ಬಟ್ಟೆ ಕೊಂಡ ಅಂಗಡಿಯನ್ನು ಯುಗಾದಿಗೆ ಹುಡುಕಿದರೆ ಅಲ್ಲಿ ಮೊಬೈಲ್ ಮಾರುತ್ತಿರುತ್ತಾರೆ. ನಿಮ್ಮ ಅಮ್ಮ ನಿಮ್ಮ ಅಪ್ಪನನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಅವನ ಆಯುಷ್ಯಕ್ಕೇನೂ ಆಗಿಲ್ಲ. ನನಗೂ ಅದನ್ನು ಕೇಳಲು ಚೆಂದವೇ.

ಮೊನ್ನೆ ಶಾಲೆಗೆ ಒಯ್ಯುವ ನೀರಿನ ಬಾಟಲಿ ಕೊಳ್ಳಲು ಹೋದಾಗ, ಪುಟ್ಟಿ, ನೀನೇ ಅಂಗಡಿಯ ಯಂತ್ರದ ಗಾಜಿನ ಮೇಲೆ ಬೆರಳಾಡಿಸಿ ನಿನ್ನ ಹೆಸರು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬಾಟಲಿಯ ಮೇಲೆ, ಪಕ್ಕದಲ್ಲೊಂದು ಹೂವಿನ ಸಮೇತ ಮೂಡಿತು. ಬಿಲ್ಲು ಮಾಡುವವರು ನನ್ನ ಫೋನ್ ನಂಬರ್ ಕೇಳಿದರು, ಹೇಳಿದೆ. ಯಾವ ಊರು, ಯಾರ ಮನೆ ಎಂದು ಕೇಳಲಿಲ್ಲ. ನೀನು ಆಗಲೇ ಬಾಗಿಲ ಹತ್ತಿರ ಕುಣಿಯುತ್ತಿದ್ದೆ. ನಾನು ಮಾತ್ರ, ಇನ್ನೂ ಏನಾದರೂ ಕೇಳಿಯಾರೆಂದು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.