ಅಣಬೆ ಎಲ್ಲಿದೆ, ಹಡಗು ಎಲ್ಲಿದೆ

ಬಂದರಿನಲ್ಲಿ ಎಲ್ಲರಿಗೂ ಅವಳು ಅಣಬೆ ಅಕ್ಕ. ಹಡಗಿನ ಕಂಬದ ತುದಿಯಲ್ಲಿ ಬಿಳೀ ಅಣಬೆಯ ಹಾಗೆ ಒಂದು ಆಂಟೆನಾ ಕೂತಿರುತ್ತದಲ್ಲ, ಅದನ್ನು ಕೂರಿಸುವುದು, ತಂತಿ ಎಳೆಯುವುದು, ಕೆಳಗೆ ಹಡಗು ನಡೆಸುವವರ ಕೋಣೆಯ ಪರದೆಗೆ ಜೋಡಿಸುವುದು ಅವಳ ಕಸುಬು. ನೆಲದ ಮೇಲೆ ನಿಂತು ಕತ್ತೆತ್ತಿದರೇ ತಲೆ ಸುತ್ತುವಂಥ ಕಂಬಗಳನ್ನು ಅವಳು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಸರಸರನೆ ಹತ್ತುತ್ತಾಳೆ. ಹತ್ತುವಾಗ ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ತುಕ್ಕು ಹಿಡಿದ ಒಂದೊಂದು ಬೋಲ್ಟಿಗೂ ಬೈಗುಳ ಬೇರೆ ಬೇರೆ. ಕೆಳಗೆ ನಿಂತ ಖಲಾಸಿಗಳು ಕಿವಿಗೊಟ್ಟು ಕೇಳಿ ಕಲಿತುಕೊಳ್ಳುತ್ತಾರೆ.

ಈ ಕಸುಬು ಏನೆಂದು ಅವಳ ಅತ್ತೆಗೆ ಮದುವೆಯಾದ ಎಷ್ಟೋ ವರ್ಷ ತಲೆಗೆ ಹೋಗಿರಲಿಲ್ಲ. "ಅಷ್ಟು ಎತ್ತರದಲ್ಲಿರೋ ಉಪಗ್ರಹಕ್ಕೆ ನಮ್ಮ ಹಡಗು ಹೇಗೆ ಕಾಣುತ್ತೆ?" ಎಂದು ಒಂದು ದಿನ ಕೇಳಿದರು.

"ಕಾಣಲ್ಲ ಅತ್ತೆ. ಅವು ನೋಡೋದೇ ಇಲ್ಲ. ಈಗ ಹೊತ್ತು ಇಷ್ಟು, ನಾನು ಇಲ್ಲಿದ್ದೀನಿ ಅಂತ ಸುಮ್ನೆ ಕೂಗ್ತಾ ಇರ್ತವೆ. ಆ ಕೂಗು ಇಲ್ಲಿಗೆ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಣಬೆಗೆ ಜೋಡಿಸಿರೋ ನಮ್ಮ ಪೆಟ್ಟಿಗೆ ಲೆಕ್ಕ ಹಾಕುತ್ತೆ. ಹೊತ್ತು ಗೊತ್ತಾದ್ರೆ ದೂರ ಗೊತ್ತಾಯ್ತು. ಹಾಗೆ ನಾಲ್ಕು ಕಡೆಯಿಂದ ಕೂಗು ಸಿಕ್ಕಿದ್ರೆ ನಾವೆಲ್ಲಿದ್ದೀವಿ ಅಂತ ಸಿಕ್ಕಿಬಿಡುತ್ತೆ."

"ಅದಕ್ಕೆ ನಾಲ್ಕು ಯಾಕೆ? ನಿನ್ನ ಮಾವ ಯಾವ ಕೋಣೇಲಿದ್ದಾರೆ ಅಂತ ನಾನು ಒಂದೇ ಕೆಮ್ಮಿಗೆ ಹೇಳ್ತಿದ್ದೆ" ಅಂದರು ಅತ್ತೆ.

ಅತ್ತೆಗೆ ಹೇಳದೆ ಬಿಟ್ಟದ್ದನ್ನು ಅವಳು ಪ್ರತಿ ಹಡಗಿನವರಿಗೂ ತಪ್ಪದೆ ಹೇಳುತ್ತಿದ್ದಳು. ಉಪಗ್ರಹಗಳಿಂದ ಸಿಗುವುದು ಅಣಬೆ ಇರುವ ಜಾಗ, ಹಡಗು ಇರುವ ಜಾಗವಲ್ಲ. ಹಡಗು ಬೀದಿಯಷ್ಟು ಉದ್ದ. ಅಣಬೆ ಅದರ ಮೂತಿಯ ಹತ್ತಿರ ಇದೆಯೋ ಬಾಲದ ಹತ್ತಿರವೋ ಎಂಬುದನ್ನು ಅಳತೆ ಮಾಡಿ ಪೆಟ್ಟಿಗೆಗೆ ಯಾರಾದರೂ ಹೇಳಿಕೊಡಬೇಕು. ಅಷ್ಟಾದ ಮೇಲೆಯೇ ಪರದೆಯ ನಕ್ಷೆಯ ಮೇಲೆ ಹಡಗಿನ ಚಿತ್ರ ಸರಿಯಾದ ಕಡೆ ಕೂರುತ್ತದೆ. "ಅಣಬೆ ಎಲ್ಲಿದೆ ಅಂತ ಆಕಾಶ ಹೇಳುತ್ತೆ. ಹಡಗು ಎಲ್ಲಿದೆ ಅಂತ ಹೇಳೋಳು ನಾನು" ಎನ್ನುತ್ತಿದ್ದಳು. ಸ್ವಲ್ಪ ಜಂಬದ ಮಾತು, ಒಪ್ಪೋಣ. ಆದರೆ ಸುಳ್ಳಲ್ಲ.

ಗಂಡ ಒಂದು ಹಡಗಿನಲ್ಲಿ ಮೇಟ್, ಅಂದರೆ ಕ್ಯಾಪ್ಟನ್ನಿನ ಕೆಳಗಿನ ಮೊದಲ ಅಧಿಕಾರಿ. ಜನರನ್ನೂ ಲಾರಿಗಳನ್ನೂ ಎದುರು ದಂಡೆಗೆ ಸಾಗಿಸಿ ವಾಪಸು ತರುವ ಹಡಗು ಅದು. ಮುಂದಿನ ಕಂಬದ ಪಕ್ಕದಲ್ಲಿ ಹೊಸದಾಗಿ ಕ್ರೇನ್ ನಿಲ್ಲಿಸಿ ಅಣಬೆಗೆ ಅರ್ಧ ಆಕಾಶ ಮುಚ್ಚಿಹಾಕಿದ್ದರು. ಆಕಾಶ ಕಾಣದ ಅಣಬೆ ಇದ್ದೂ ದಂಡ. ಅದಕ್ಕೇ ಒಂದು ದಿನ ಅವಳು ಅದನ್ನು ಬಿಚ್ಚಿ, ಹಡಗಿನ ಬಾಲದ ಕಡೆಯ ಕಂಬಕ್ಕೆ ಏರಿಸಿ, ಹಳೇ ಪೆಟ್ಟಿಗೆ ತೆಗೆದು ಬೇರೆ ಕಂಪನಿಯ ಹೊಸ ಪೆಟ್ಟಿಗೆ ಜೋಡಿಸಿದ್ದಳು. ಸಂಜೆ ಗಂಡ ಕೈಯಲ್ಲಿ ಚಹಾ ಹಿಡಿದು ಬಂದು, "ಮುಗೀತಾ? ನನ್ನ ಹಡಗನ್ನ ನಾಳೆ ಮರಳುಗಾಡಿಗೆ ನುಗ್ಗಿಸಬೇಡ" ಎಂದು ರೇಗಿಸಿದ್ದ. ಅವಳು ಅವನ ಚಹಾ ಕಸಿದುಕೊಂಡು ಕುಡಿದಿದ್ದಳು.

ಮರುದಿನ ಬೆಳಿಗ್ಗೆ ಹಡಗು ನಿಚ್ಚಳ ಬಿಸಿಲಲ್ಲಿ ಹೋಯಿತು. ಮಧ್ಯಾಹ್ನ ಅದು ತಿರುಗಿ ಬರುವ ಹೊತ್ತಿಗೆ ಸಮುದ್ರದ ಮೇಲಿಂದ ಮಂಜು ಎದ್ದು ಬಂದರನ್ನೆಲ್ಲ ನುಂಗಿತ್ತು. ವರ್ಕ್‌ಶಾಪಿನ ಕಿಟಕಿಯಿಂದ ಎದುರಿನ ಗೋದಾಮಿನ ಬಾಗಿಲೂ ಕಾಣುತ್ತಿರಲಿಲ್ಲ. ವರ್ಕ್‌ಶಾಪು ಅವಳ ಅಣ್ಣನದು. ಅಣ್ಣ ಒಂದು ಮೂಲೆಯಲ್ಲಿ ಬೆಸುಗೆ ಹಾಕುತ್ತ ಕೂತಿದ್ದ. ಅವಳು ಮೇಜಿನ ಮೇಲೆ ಇನ್ನೊಂದು ಹಡಗಿಗಾಗಿ ಅಂಥದೇ ಹೊಸ ಪೆಟ್ಟಿಗೆ ತೆರೆದುಕೊಂಡಿದ್ದಳು.

ಪರದೆಯಲ್ಲಿ ಅಳತೆ ಕೇಳುವ ಪುಟ ಬಂತು. ಹಡಗಿನ ಒಂದು ಪುಟ್ಟ ಚಿತ್ರ, ಅದರ ಪಕ್ಕ ಒಂದು ಬಾಣ. ಅವಳ ಬೆರಳು ಅಂಕಿ ಒತ್ತಲು ಹೋಗಿ ಅಲ್ಲೇ ನಿಂತಿತು. ಬಾಣ ಶುರುವಾಗಿದ್ದು ಹಡಗಿನ ಮೂತಿಯಿಂದ.

ಹಳೇ ಕಂಪನಿಯ ಪೆಟ್ಟಿಗೆ ಬಾಲದಿಂದ ಅಳತೆ ಕೇಳುತ್ತಿತ್ತು. ವರ್ಷಗಟ್ಟಲೆ ಅವಳು ಅದನ್ನೇ ಹಾಕಿಕೊಂಡು ಬಂದಿದ್ದಳು. ಕಣ್ಣು ಮುಚ್ಚಿ ಹಾಕುವಷ್ಟು ಕೈಗೆ ರೂಢಿಯಾಗಿತ್ತು. ನಿನ್ನೆ ಕಣ್ಣು ಮುಚ್ಚಿಯೇ ಹಾಕಿದ್ದಳು. ಬಾಲದಿಂದ ಇಪ್ಪತ್ತು ಮೀಟರ್ ಎಂದು ಅಳೆದು, ಇಪ್ಪತ್ತು ಎಂದು ಒತ್ತಿ, ಕೈ ಒರೆಸಿಕೊಂಡು ಬಂದಿದ್ದಳು. ಪೆಟ್ಟಿಗೆ ಅದನ್ನು ಮೂತಿಯಿಂದ ಇಪ್ಪತ್ತು ಎಂದು ತಿಳಿದುಕೊಂಡು, ಬಾಲದ ಅಣಬೆಯನ್ನು ಮೂತಿಯ ಬಳಿ ಕೂರಿಸಿತ್ತು.

ಲೆಕ್ಕ ಮಾಡಲು ಕಾಗದವೂ ಬೇಡ. ಪರದೆಯಲ್ಲಿ ಕಾಣುವ ಹಡಗಿಗಿಂತ ನಿಜವಾದ ಹಡಗು ಹೆಚ್ಚುಕಡಿಮೆ ತನ್ನಷ್ಟೇ ಉದ್ದ ಮುಂದಿದೆ. ನಡುಸಮುದ್ರದಲ್ಲಾಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಬಂದರಿನ ದಾರಿ ಹಾಗಲ್ಲ. ಒಳಗೆ ಬರುವ ಕಾಲುವೆ ಒಂದು ಕಡೆ ಥಟ್ಟನೆ ಎಡಕ್ಕೆ ಹೊರಳುತ್ತದೆ. ಹೊರಳದೆ ನೇರ ಬಂದವರಿಗೆ ಎದುರಿಗೆ ಮುಳುಗುಬಂಡೆ. ನೀರಿನಡಿ ಇರುವ ಬಂಡೆಯನ್ನು ರೇಡಾರ್ ತೋರಿಸುವುದಿಲ್ಲ. ಅದರ ಗುರುತಿಗೆಂದು ತೇಲಿಬಿಟ್ಟಿದ್ದ ಕೆಂಪು ಪೀಪಾಯಿಯನ್ನು ಬಣ್ಣ ಹಚ್ಚಲು ದಡಕ್ಕೆ ಎತ್ತಿಹಾಕಿದ್ದರು. ಈ ಮಂಜಿನಲ್ಲಿ ಎಲ್ಲಿ ಹೊರಳಬೇಕೆಂದು ಹೇಳಲು ಉಳಿದದ್ದು ಅವಳ ಪರದೆ ಒಂದೇ.

ದೂರದಲ್ಲಿ ಹಡಗು ಕೂಗಿತು. ಗಂಡನ ಹಡಗಿನ ಗಂಟಲು ಅವಳಿಗೆ ಗೊತ್ತು.

ಅವನ ಫೋನಿಗೆ ಕರೆ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಕಾಲುವೆಗೆ ಬರುವ ಮೊದಲು ಫೋನನ್ನು ಡ್ರಾಯರಿನಲ್ಲಿ ಹಾಕಿ ಬೀಗ ಜಡಿಯುವುದು ಅವನ ಪದ್ಧತಿ. ಒಳ್ಳೆಯ ಪದ್ಧತಿ ಎಂದು ಅವಳೇ ನಾಲ್ಕು ಜನರೆದುರು ಹೊಗಳಿದ್ದಳು. ಈಗ ಆ ಡ್ರಾಯರಿಗೆ ಬೆಂಕಿ ಬೀಳಲಿ ಎಂದುಕೊಂಡಳು.

"ಏನಾಯ್ತೇ?" ಎಂದ ಅಣ್ಣ. ಅವಳು ಒಂದೇ ಉಸಿರಲ್ಲಿ ಹೇಳಿದಳು. ಅಣ್ಣನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಮೇಜನ್ನು ಸುಡತೊಡಗಿದರೂ ಅವನಿಗೆ ಅರಿವಾಗಲಿಲ್ಲ. ಬಂದರು ಕಚೇರಿಗೆ ಫೋನ್ ಹಚ್ಚಿದ. ಲೈನಿನಲ್ಲಿ ಆಗಲೇ ಇನ್ಯಾರೋ ಮಾತಾಡುತ್ತಿದ್ದರು. ಮತ್ತೆ ಹಚ್ಚಿದ, ಮತ್ತೆ ಅದೇ.

ಗೋಡೆಯ ಮೇಲೆ ರೇಡಿಯೋ ಇತ್ತು. ಹಡಗುಗಳ ಸೆಟ್ಟು ರಿಪೇರಿ ಮಾಡಿದಾಗ ಪರೀಕ್ಷೆಗೆಂದು ಇಟ್ಟುಕೊಂಡದ್ದು. ಅವಳು ಅದರ ಕಡೆ ನೋಡಿದಳು, ಅಣ್ಣನೂ ನೋಡಿದ. ಬಂದರಿನ ಚಾನೆಲ್ಲಿನಲ್ಲಿ ಮಾತಾಡಿದರೆ ಒಬ್ಬರ ಕಿವಿಗಷ್ಟೇ ಹೋಗುವುದಿಲ್ಲ. ಒಳಗಿನ ಹಡಗು, ಹೊರಗಿನ ಹಡಗು, ಮೀನಿನ ದೋಣಿ, ಕಚೇರಿ, ಎದುರು ಬೀದಿಯ ಇನ್ನೊಂದು ವರ್ಕ್‌ಶಾಪು, ಎಲ್ಲರೂ ದಿನವಿಡೀ ಅದನ್ನು ಹಾಕಿಕೊಂಡೇ ಕೂತಿರುತ್ತಾರೆ.

"ಎರಡು ನಿಮಿಷ ತಡಿ. ಕಚೇರಿ ಫೋನ್ ಸಿಗುತ್ತೆ" ಎಂದ ಅಣ್ಣ. "ಇದನ್ನ ಊರೆಲ್ಲಾ ಕೇಳಿಸ್ಕೊಂಡ್ರೆ ನಾಳೆಯಿಂದ ನಿನ್ನನ್ನ ಯಾವ ಕಂಬಕ್ಕೆ ಹತ್ತಿಸ್ತಾರೆ? ಬಾಗಿಲು ಹಾಕ್ಕೋಬೇಕಾಗುತ್ತೆ ಕಣೇ."

ಅವನು ಕೆಟ್ಟವನಲ್ಲ. ಅಪ್ಪ ಸತ್ತ ಮೇಲೆ ಅವಳ ಕೈಗೆ ಸ್ಪ್ಯಾನರ್ ಕೊಟ್ಟು, ಹೆಂಗಸಿಗೇಕೆ ಕಂಬ ಎಂದವರ ಬಾಯಿ ಮುಚ್ಚಿಸಿದವನು ಅವನೇ. ಹಡಗು ಮತ್ತೆ ಕೂಗಿತು. ಈ ಸಲ ಕಿಟಕಿಯ ಗಾಜು ಸಣ್ಣಗೆ ಅದುರಿತು.

"ಎರಡು ನಿಮಿಷ ಇಲ್ಲ" ಎಂದು ಅವಳು ಮೈಕ್ ಎತ್ತಿಕೊಂಡಳು. ಗುಂಡಿ ಒತ್ತಿದಳು. ಮೊದಲು ಹಡಗನ್ನು ಕರೆದಳು, ಆಮೇಲೆ ತನ್ನ ವರ್ಕ್‌ಶಾಪಿನ ಹೆಸರು ಹೇಳಿದಳು.

"ನಿನ್ನೆ ನಿಮ್ಮ ಪೆಟ್ಟಿಗೆಗೆ ಅಳತೆ ಹಾಕಿದ್ದು ನಾನು. ತಪ್ಪು ಹಾಕಿದ್ದೀನಿ. ಪರದೆಯಲ್ಲಿ ಕಾಣೋದಕ್ಕಿಂತ ಒಂದು ಹಡಗಿನಷ್ಟು ಮುಂದಿದ್ದೀರಿ. ತಿರುವು ಬಂದಾಯ್ತು. ಪರದೆ ನೋಡಬೇಡಿ, ಈಗಲೇ ಎಡಕ್ಕೆ ತಿರುಗಿಸಿ."

ಗುಂಡಿ ಬಿಟ್ಟಳು. ಚಾನೆಲ್ಲಿನಲ್ಲಿ ಸರಸರ ಸದ್ದು ಬಿಟ್ಟರೆ ಏನೂ ಇಲ್ಲ. ಅಣ್ಣ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದ. ಅವಳು ಇನ್ನೊಂದು ಸಲ ಅದನ್ನೇ ಹೇಳಿದಳು. ಈ ಸಲ ದನಿ ಒಡೆದು ಚೂರಾಯಿತು, ಮಾತು ಹೇಗೋ ಪೂರ್ತಿಯಾಯಿತು. ಲೋಹ ಕಲ್ಲಿಗೆ ತಾಗುವ ಸದ್ದು ಎಲ್ಲಿ ಕೇಳಿಬಿಡುತ್ತದೋ ಎಂದು ಅವಳ ಮೈಯೆಲ್ಲ ಕಿವಿಯಾಗಿತ್ತು.

"ಕೇಳಿಸ್ತು" ಎಂದಿತು ರೇಡಿಯೋ. ಗಂಡನ ದನಿ, ಆದರೆ ಯಾರೋ ಅಪರಿಚಿತನದ್ದೆನ್ನುವ ಹಾಗೆ. "ತಿರುಗಿಸ್ತಿದ್ದೀವಿ."

ಆಮೇಲಿನ ಹೊತ್ತು ಎಷ್ಟೆಂದು ಅವಳನ್ನು ಕೇಳಿದರೆ ಈಗಲೂ ಹೇಳಲಾರಳು. ಕೊನೆಗೆ ಅದೇ ದನಿ ಬಂತು. "ಬಂಡೆ ದಾಟಿದ್ವಿ. ಆಳ ಇದೆ." ಅಣ್ಣ ಕುರ್ಚಿಯ ಮೇಲೆ ಧೊಪ್ಪನೆ ಕೂತ. ಅವಳು ಮೈಕನ್ನು ಗೋಡೆಗೆ ಸಿಕ್ಕಿಸಲು ಹೋದಳು, ಅಷ್ಟರಲ್ಲಿ ಇನ್ಯಾರದೋ ದನಿ ಬಂತು.

"ಅಣಬೆ ಅಕ್ಕ, ಮರಳು ತೆಗೆಯೋ ಹಡಗಿನಿಂದ. ನಮಗೂ ನೀವೇ ಹಾಕಿದ್ದಲ್ವಾ? ನಮ್ಮದು ಹೇಗೆ?"

"ನಿಮ್ಮದು ಹಳೇ ಕಂಪನಿದು. ಸರಿಯಾಗಿದೆ."

"ಎಣ್ಣೆ ಹಡಗಿನಿಂದ. ನಮ್ಮದು?"

"ಅದೂ ಹಳೇದೇ."

ಮೂರನೆಯದು, ಒಳಗೆ ಬರಲು ಸರದಿ ಕಾಯುತ್ತಿದ್ದ ಒಂದು ಸರಕು ಹಡಗು. ಅದಕ್ಕೆ ಹೊಸ ಪೆಟ್ಟಿಗೆ ಹಾಕಿದ್ದು ಅವಳೇ. ಆ ದಿನ ಬಾಣವನ್ನು ನೋಡಿದ್ದಳೋ ಇಲ್ಲವೋ? ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಸರಿಯಾಗಿದೆ ಎಂದು ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯುತ್ತಿತ್ತು. ಅಣ್ಣ ಕಣ್ಣಲ್ಲೇ ಅದನ್ನು ಬೇಡುತ್ತಿದ್ದ.

"ನನಗೆ ಗೊತ್ತಿಲ್ಲ" ಎಂದಳು. "ಅಲ್ಲೇ ಲಂಗರು ಹಾಕಿ. ನಾನು ಬಂದು ನೋಡೋವರೆಗೂ ಒಳಗೆ ಬರಬೇಡಿ."

ಮೊದಲನೇ ಮಾತಿಗಿಂತ ಈ ಮಾತು ಅವಳಿಗೆ ಹೆಚ್ಚು ಉರಿಯಿತು. ತಪ್ಪು ಯಾರ ಕೈಯಿಂದಲೂ ಆಗಬಹುದು. ಗೊತ್ತಿಲ್ಲ ಎನ್ನುವ ಅಣಬೆ ಅಕ್ಕನನ್ನು ಆ ಬಂದರು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಡಗು ಕಟ್ಟಿ ಜನ ಇಳಿದ ಮೇಲೆ ಗಂಡ ವರ್ಕ್‌ಶಾಪಿಗೆ ಬಂದ. ಅಣ್ಣ ಏನೋ ನೆವ ಹೇಳಿ ಹೊರಗೆ ಹೋದ. ಗಂಡ ಅವಳ ಸ್ಟೂಲಿನ ಮೇಲೆ ಕೂತ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ನೀನು ಹೇಳಿದಾಗ ಕ್ಯಾಪ್ಟನ್ ಪರದೆ ತೋರಿಸಿ, ಇನ್ನೂ ತಿರುವೇ ಬಂದಿಲ್ವಲ್ಲ ಅಂದ್ರು" ಎಂದ. "ಬೇಗ ತಿರುಗಿಸಿದ್ರೆ ಈ ಕಡೆ ನೀರಲ್ಲಿ ಮುಳುಗಿರೋ ಕಾಲುವೆಯ ಕಲ್ಲಿನ ಗೋಡೆ, ತಡವಾದ್ರೆ ಆ ಕಡೆ ಬಂಡೆ. ನೀನು ಹೇಳೋದು ನಿಜವಾ ಅಂತ ನನ್ನ ಮುಖ ನೋಡಿದ್ರು. ಏನಂತ ಹೇಳಲಿ? ಪರದೇಲಿ ಹೇಳಿದ್ದೂ ನೀನೇ. ರೇಡಿಯೋದಲ್ಲಿ ಹೇಳಿದ್ದೂ ನೀನೇ. ಎರಡರಲ್ಲಿ ಯಾವ ನಿನ್ನನ್ನ ನಂಬಲಿ ಅಂತ ಹೊಳೀಲೇ ಇಲ್ಲ."

"ಮತ್ತೆ?"

"ಎರಡನೇ ಸಲ ಹೇಳಿದ್ಯಲ್ಲ, ಆಗ ನಿನ್ನ ದನಿ ನಡುಗ್ತು. ಇಷ್ಟು ವರ್ಷದಲ್ಲಿ ನಿನ್ನ ದನಿ ನಡುಗಿದ್ದು ನಾನು ಕೇಳೇ ಇರ್ಲಿಲ್ಲ. ನಡುಗೋಳನ್ನ ನಂಬಿದೆ."

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅತ್ತುಬಿಟ್ಟಳು. ಅವನು ಎದ್ದು ಬಂದು ಹತ್ತಿರ ನಿಂತ. ಮಂಜಿನಾಚೆ ಲಂಗರು ಹಾಕಿದ ಸರಕು ಹಡಗು ಕೂಗಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿತು. ಅವಳು ಕಣ್ಣೊರೆಸಿಕೊಂಡು ಸೊಂಟದ ಪಟ್ಟಿ ಬಿಗಿದುಕೊಂಡಳು. ಅವನು ದೋಣಿಯವನನ್ನು ಕರೆಯಲು ಹೋದ.