ಕೊನೆಯವರಿಗೆ ಮೊದಲ ಚೀಟಿ

ಮತಯಂತ್ರ ಕೆಡಬಹುದಿತ್ತು. ಬೆಳಗಿನ ಅಣಕು ಮತಗಳನ್ನು ಅಳಿಸಲು ಮರೆತು ಮರುಮತದಾನವಾಗಬಹುದಿತ್ತು. ಏಜೆಂಟರು ಕೈಕೈ ಮಿಲಾಯಿಸಬಹುದಿತ್ತು. ಶಾಯಿ ಬಾಟಲಿ ಉರುಳಬಹುದಿತ್ತು. ಬಿಪಿ ಏರಿ ಹಾರವಾಡದ ಮತಗಟ್ಟೆಯಲ್ಲಿ ಪ್ರಿಸೈಡಿಂಗ್ ಆಫೀಸರನೇ, ಅಂದರೆ ನಾನೇ, ಉರುಳಬಹುದಿತ್ತು. (ಕಾರವಾರದಿಂದ ಹೊರಡುವಾಗ ಹೆಂಡತಿ ಮಾತ್ರೆಯ ಜೊತೆ ಗ್ಲೂಕೋಸನ್ನೂ ಕಟ್ಟಿಕೊಟ್ಟಿದ್ದಳು. ಅವಳಿಗೆ ನನ್ನ ಮೇಲೆ ಅಷ್ಟು ಭರವಸೆ.)

ನೋಡಿದಿರಲ್ಲ, ನನ್ನ ಭಯದ ಪಟ್ಟಿ ಯಾವಾಗಲೂ ಉದ್ದ. ಅದರಲ್ಲಿ ಒಂದೂ ನಡೆಯಲಿಲ್ಲ.

ಚುನಾವಣಾ ಡ್ಯೂಟಿ ಬಂತೆಂದರೆ ಉಳಿದ ಮಾಸ್ತರರು ಮೆಡಿಕಲ್ ಸರ್ಟಿಫಿಕೇಟ್ ಹುಡುಕುತ್ತಾರೆ. ನಾನು ಒಳಗೊಳಗೇ ಉಬ್ಬುತ್ತೇನೆ. ಕಾರಣ ಒಂದು ಕಾಮಿಕ್ಸ್. ಚಿಕ್ಕಂದಿನಲ್ಲಿ ವಾರಕ್ಕೊಮ್ಮೆ ಪೇಪರಿನಲ್ಲಿ ಬರುತ್ತಿದ್ದ ಮೂರು ಚೌಕದ ಚಿತ್ರಕಥೆಯಲ್ಲಿ ಒಬ್ಬ ಪೇದೆಯಿದ್ದ. ಪಿಸ್ತೂಲಿಲ್ಲ, ಬರೀ ಸೀಟಿ. ಅವನು ಕೈಯೆತ್ತಿದರೆ ಮಂತ್ರಿಯ ಕಾರೂ ನಿಲ್ಲಬೇಕು! ಕತ್ತರಿಸಿ, ಅನ್ನದ ಅಗುಳಿನಿಂದ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. (ಅರ್ಧ ಸಾಹಸಗಳನ್ನು ಇರುವೆಗಳು ತಿಂದವು.) ಜನ್ಮದಲ್ಲಿ ಒಮ್ಮೆಯಾದರೂ ಹಾಗೆ ಕೈಯೆತ್ತಬೇಕು ಎಂಬ ಆಸೆ ನನಗೆ.

ಸಂಜೆ ಆರಕ್ಕೆ ಸಾಲು ಮುಚ್ಚುವುದಕ್ಕೊಂದು ಕ್ರಮವಿದೆ. ಕೊನೆಯಲ್ಲಿ ನಿಂತವರಿಂದ ಶುರುಮಾಡಿ ಮುಂದಕ್ಕೆ ನಂಬರ್ ಚೀಟಿ ಕೊಡುತ್ತ ಬರಬೇಕು. ಕೊನೆಯವರ ಕೈಗೆ ಒಂದನೇ ಚೀಟಿ ಹೋಯಿತೆಂದರೆ ಮುಗಿಯಿತು, ಅವರ ಹಿಂದೆ ಇನ್ನಾರೂ ನಿಲ್ಲುವಂತಿಲ್ಲ.

ಅಂದು ಕೊನೆಯಲ್ಲಿದ್ದವಳು ಮೀನು ಮಾರುವ ದೇವಕಿ.

"ಮಾಸ್ತರೇ, ಒಂಚೂರು ತಡೀರಿ. ನಮ್ಮನೆವ್ರು ಈಗಷ್ಟೇ ದೋಣಿ ದಡಕ್ಕೆ ಎಳ್ದ್ರು, ಓಡಿ ಬರ್ತೇ ಇವ್ರೆ. ಹೋದ್ ಸಲನೂ ಸಮುದ್ರದಲ್ಲೇ ಉಳ್ದು ವೋಟ್ ತಪ್ತು."

ಕೈಗಡಿಯಾರ ನೋಡಿದೆ. ಆರಕ್ಕೆ ಅರ್ಧ ನಿಮಿಷ. ಗೇಟಿನಾಚೆ ಮರಳಿನ ದಾರಿಯಲ್ಲಿ ಒಬ್ಬ ಓಡುತ್ತಿದ್ದ. ಒಂದು ಕೈಯಲ್ಲಿ ಒದ್ದೆ ಲುಂಗಿ, ಇನ್ನೊಂದರಲ್ಲಿ ಗುರುತಿನ ಚೀಟಿ.

"ಓಡೋ ಗಣಪಾ!" ಇಡೀ ಸಾಲು ಕೂಗಿತು. ಅವನಿಗಿಂತ ಜೋರಾಗಿ ನನ್ನ ಎದೆ ಓಡುತ್ತಿತ್ತು.

ಆರಾಯಿತು. ದೇವಕಿಯ ಕೈಗೆ ಒಂದನೇ ಚೀಟಿ ಇಟ್ಟೆ.

ಗಣಪ ಬಂದು ನಿಂತಾಗ ಆರು ಕಳೆದು ಎರಡು ನಿಮಿಷ. ಕೈಯೆತ್ತಿದೆ.

"ಎರಡ್ ನಿಮಿಷಕ್ಕೆ ಎಂಥಾ ಆಗೂದು ಮಾಸ್ತರೇ? ಮೀನಿಗೆ ಗಂಟೆ ಗೊತ್ತಿರ್ತದ್ಯಾ?"

"ರೂಲ್ಸ್ ಮಾರಾಯಾ."

"ಹಾಗಾರೆ ನನ್ನ ಚೀಟಿ ಅವ್ರಿಗೆ ಕೊಡಿ," ಎಂದಳು ದೇವಕಿ.

"ಅದೂ ಆಗೂದಿಲ್ಲ."

ಗಣಪ ಗೇಟಿನಾಚೆ ಹೋಗಿ ಲುಂಗಿ ಹಿಂಡುತ್ತ ಹೆಂಡತಿಗಾಗಿ ಕಾದ. ನನಗೆ ಬೇಸರವಾಯಿತು. ಸುಳ್ಳೇಕೆ, ಹೆಮ್ಮೆಯೂ ಆಯಿತು. ಮತಗಟ್ಟೆಯ ಡೈರಿಯಲ್ಲಿ 'ವಿಶೇಷ ಘಟನೆ: ಇಲ್ಲ' ಎಂದು ಬರೆದೆ.

ಅಂಕೋಲಾಕ್ಕೆ ಹೊರಟ ಬಸ್ಸು ಅವರ್ಸಾ ದಾಟುವಾಗ, ದಿನವಿಡೀ ಆಫ್ ಆಗಿದ್ದ ಮೊಬೈಲ್ ಆನ್ ಮಾಡಿದೆ. ಅದರಲ್ಲಿ ಏಳೂ ಇಪ್ಪತ್ತು. ಕೈಗಡಿಯಾರದಲ್ಲಿ ಏಳೂ ಇಪ್ಪತ್ತೈದು.

ಡ್ಯೂಟಿಗೆ ಎಲ್ಲಿ ತಡವಾದೀತೋ ಎಂಬ ಭಯಕ್ಕೆ ಹಿಂದಿನ ದಿನ ನಾನೇ ಅದನ್ನು ಐದು ನಿಮಿಷ ಮುಂದೆ ತಿರುಗಿಸಿದ್ದೆ. ಮತಗಟ್ಟೆಯ ಗೋಡೆ ಗಡಿಯಾರ ನಿಂತಿತ್ತು. ಎಲ್ಲರೂ ಸಾಹೇಬರ ಗಡಿಯಾರವನ್ನೇ ನಂಬಿದ್ದರು. ಗಣಪ ಬಂದು ನಿಂತಾಗ ನಿಜಕ್ಕೂ ಆರಕ್ಕೆ ಇನ್ನೂ ಮೂರು ನಿಮಿಷವಿತ್ತು.

ಡೈರಿ ತೆರೆದು 'ಇಲ್ಲ' ಎಂಬುದನ್ನು ಹೊಡೆದುಹಾಕಿದೆ. ನಡೆದದ್ದನ್ನು ಬರೆಯತೊಡಗಿದೆ. ಪಕ್ಕದಲ್ಲಿದ್ದ ಪೋಲಿಂಗ್ ಆಫೀಸರ್ ನಾಯ್ಕರು ಇಣುಕಿದರು.

"ಸುಮ್ನೆ ಮೆಮೋ ತಕೊಳ್ತ್ರಿ. ಬಿಡಿ ಸರ್, ಒಂದೇ ವೋಟಲ್ವಾ?"

ಹೌದು, ಒಂದೇ. ಗಣಪನಿಗೂ ಇದ್ದದ್ದು ಒಂದೇ.