ಹೆರಿಗೆ ಕೋಣೆಯ ಗಾಜಿನ ಬೀರು

ನಾನು ಯಳಂದೂರಿನವಳು. ಮಿಡ್‌ವೈಫ್ ತರಬೇತಿ ಮುಗಿಸಿ, ಹನೂರು ದಾಟಿ ಲೊಕ್ಕನಹಳ್ಳಿ ಕಡೆ ಹೋಗುವ ದಾರಿಯ ಒಂದು ಊರಿನ ಹೆರಿಗೆ ಕೇಂದ್ರಕ್ಕೆ ಬಂದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕೇಂದ್ರವೆಂದರೆ ಎರಡು ಕೋಣೆ, ಒಂದು ಕಬ್ಬಿಣದ ಮಂಚ, ನಾನು, ಮತ್ತು ಆಯಾ ಕೆಲಸಕ್ಕಿದ್ದ ಒಬ್ಬ ವಿಧವೆ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಬಸ್ಸು ಕೆಟ್ಟರೆ ಅದೂ ಇಲ್ಲ.

ಕತ್ತರಿ, ಚಿಮುಟ, ಹತ್ತಿ, ದಾರ ಎಲ್ಲವನ್ನೂ ಒಂದು ತಗಡಿನ ಟ್ರಂಕಿನಲ್ಲಿ ಇಡಬೇಕಿತ್ತು. ಕುದಿಸಿ ಒಣಗಿಸಿ ಇಟ್ಟ ಹತ್ತಿಯಲ್ಲಿ ಮರುದಿನ ಕೆಂಪಿರುವೆ. ಮಂಚದ ಮೇಲೆ ಹೆಂಗಸು ಕೂಗುತ್ತಿದ್ದರೆ ನಾನು ಟ್ರಂಕಿನೊಳಗೆ ತಲೆ ತೂರಿಸಿ ಕತ್ತರಿ ಹುಡುಕುತ್ತಿದ್ದೆ. ಗಾಜಿನ ಬಾಗಿಲಿನ ಒಂದು ಬೀರು ಬೇಕು, ಒಳಗೆ ಏನು ಎಲ್ಲಿದೆಯೆಂದು ದೂರದಿಂದಲೇ ಕಾಣಬೇಕು, ಇರುವೆ ನುಸುಳಬಾರದು ಎಂದು ಮೇಲಿನವರಿಗೆ ಬರೆದೆ. ಮತ್ತೆ ಬರೆದೆ. ನಾನೇನು ಅವರ ಸ್ವಂತ ಆಸ್ತಿ ಕೇಳಿದೆನೋ ಎಂಬಂತೆ ಸುಮ್ಮನಿದ್ದರು. ಕೊನೆಗೊಮ್ಮೆ ಮಂಜೂರಾಯಿತು.

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಅಂಗಡಿಗಳಿಗೆ ಗಾಜಿನ ಷೋಕೇಸು ಮಾಡಿಕೊಡುವವರೊಬ್ಬರಿದ್ದರು. ಗಾಜಿನ ಪುಡಿಯಿಂದ ಅವರ ಹುಬ್ಬು ಸದಾ ಬೆಳ್ಳಗಿರುತ್ತಿತ್ತು. ಸಾಹುಕಾರರ ಹಜಾರಕ್ಕೆ, ಕಾಫಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಕ್ಕೆ, ಎಲ್ಲಕ್ಕೂ ಅಳತೆ ತೆಗೆದು ಮಾಡುತ್ತಿದ್ದರು. ನನ್ನ ಬೀರು ಕೇಳಿ ಅವರಿಗೆ ಆಶ್ಚರ್ಯ.

"ಎರಿಗೆ ಕೋಣೆಗಾ ಅಮ್ಮಾ? ಇದುವರ್ಗೂ ಯಾರೂ ಕೇಳ್ನಿಲ್ಲ. ಬಾಗ್ಲು ಬಿಗೀಬೇಕಾ?"

"ಒಂದು ಇರುವೆಯೂ ಹೋಗಬಾರದು. ಹಲಗೆಯೂ ಗಾಜಿನದೇ ಬೇಕು, ಸ್ಪಿರಿಟ್ ಹಾಕಿ ಒರೆಸೋ ಹಾಗೆ."

"ಅಂಚು ಚೆನ್ನಾಗಿ ಉಜ್ಜಿಸ್ತೀನಿ ಬುಡಿ. ಆತುರದಾಗೆ ಕೈ ಆಕ್ತೀರಿ, ಕುಯ್ದ್‌ಬುಟ್ರೆ?"

ಆ ಮಾತನ್ನು ನಾನು ಯೋಚಿಸಿರಲಿಲ್ಲ. ಅವರು ಬಸ್ಸು ಹತ್ತಿ ಬಂದು ಗೋಡೆಯ ಅಳತೆ ತೆಗೆದುಕೊಂಡು ಹೋದರು.

ಬೀರು ಗಾಡಿಯಲ್ಲಿ ಹುಲ್ಲು ಹೊದ್ದುಕೊಂಡು ಬಂದ ದಿನ ನಾನು ಊರಲ್ಲಿರಲಿಲ್ಲ. ಪಕ್ಕದ ಹಳ್ಳಿಯಲ್ಲಿ ಹೆರಿಗೆ ಮುಗಿಸಿ ಬಂದರೆ ಗೋಡೆ ಖಾಲಿ. ಆಯಾ ಸೆರಗು ಹಿಂಡುತ್ತ ನಿಂತಿದ್ದಳು.

"ಬಂದಿತ್ತು ಕಣವ್ವ. ಅದ್ಯಕ್ಸರು ಗಾಡಿ ತಿರುಗ್ಸಿ ಅವ್ರ ಮನೆತಾವ್ಲೇ ಇಳಿಸ್ಕಂಡ್ರು. ಇಲ್ಲಿ ಸೂರು ಸೋರ್ತದೆ, ನಾನು ಜ್ವಾಪಾನ ಮಾಡ್ತೀನಿ ಅಂದ್ರು."

ಪಂಚಾಯ್ತಿ ಅಧ್ಯಕ್ಷರೆಂದರೆ ಊರಿನ ದೊಡ್ಡ ಜಮೀನಿನವರು. ಹೋಗಿ ನೋಡಿದೆ. ಹಜಾರದ ನಡುಗೋಡೆಗೆ ನನ್ನ ಬೀರು. ಒಳಗೆ ಚನ್ನಪಟ್ಟಣದ ಗೊಂಬೆಗಳು, ಗುಲಾಬಿ ಹೂವಿನ ಟೀ ಸೆಟ್ಟು, ಎರಡು ಶಂಖ, ಯಾರೋ ಕೊಟ್ಟ ಪ್ಲಾಸ್ಟಿಕ್ ಹಾರ. ಕತ್ತರಿ ಇಡಬೇಕಾದ ಹಲಗೆಯ ಮೇಲೆ ತಲೆ ಆಡಿಸುವ ಮುದುಕ ಮುದುಕಿ ಬೊಂಬೆ.

"ಇದು ಹೆರಿಗೆ ಕೇಂದ್ರದ್ದು," ಎಂದೆ.

"ಎಲ್ಲಿದ್ರೇನವ್ವ, ಸರ್ಕಾರದ್ದೇ ತಾನೆ? ಸೂರು ರಿಪೇರಿ ಆಗ್ಲಿ, ನಾನೇ ಕಳುಸ್ತೀನಿ. ಕಾಪಿ ಕುಡ್ದು ಓಗಿ."

ಕಾಫಿ ಕುಡಿಯದೆ ಬಂದೆ. ಸೂರು ರಿಪೇರಿ ಮಾಡಿಸಬೇಕಾದವರೂ ಅವರೇ! ಡಾಕ್ಟರಿಗೆ ಹೇಳಿದರೆ, "ದೊಡ್ಡವರ ಸಹವಾಸ, ಹೊಂದಿಕೊಂಡು ಹೋಗಿ," ಎಂದರು. ಹೊಂದಿಕೊಳ್ಳಿ ಎನ್ನುವುದು ಸುಲಭ, ಅವರ ಹತ್ತಿಯಲ್ಲಿ ಇರುವೆ ಇರಲಿಲ್ಲವಲ್ಲ. ಒಂದು ಮಳೆಗಾಲ ಪೂರ್ತಿ ಟ್ರಂಕಿನಲ್ಲೇ ಕೆಲಸ ಮಾಡಿದೆ. ಆ ಮನೆಯ ಮುಂದೆ ಹೋಗುವಾಗೆಲ್ಲ ತೆರೆದ ಬಾಗಿಲಿನಿಂದ ಗಾಜು ಹೊಳೆಯುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಅಧ್ಯಕ್ಷರ ಹೆಂಡತಿಗೆ ನೋವು ಶುರುವಾಗಿ ನನಗೇ ಕರೆ ಬಂತು. ಹಿಂದಿನ ಎರಡು ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಒಳಕೋಣೆಯಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಸಾಮಾನಿಡಲು ಒಂದು ಮಣೆಯೂ ಇಲ್ಲ. ಟ್ರಂಕು ತೆಗೆದರೆ ಮತ್ತೆ ಇರುವೆ. ನನಗೆ ತಡೆಯಲಾಗಲಿಲ್ಲ. ಆಯಾಳಿಗೆ, "ಹಜಾರದ ಬೀರು ಖಾಲಿ ಮಾಡು. ಒಂದು ಹಲಗೆ ಬಿಚ್ಚಿ, ಬಿಸಿನೀರಲ್ಲಿ ತೊಳೆದು ತಾ," ಎಂದೆ.

ಹಜಾರದಿಂದ ಅಧ್ಯಕ್ಷರ ದನಿ: "ಏಯ್, ಗೊಂಬೆ ಮುಟ್ಬ್ಯಾಡ! ಒಡ್ದೋಯ್ತದೆ!"

ಆಯಾ ಎಂದೂ ಎದುರಾಡದವಳು. ಅಂದು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. "ಒಳಗ್ ನಿಮ್ ಎಂಡ್ರು ಜೀವ ಓಯ್ತಾ ಕುಂತದೆ ಸಾ. ಪಕ್ಕಕ್ ಬನ್ನಿ."

ಆ ಗಾಜಿನ ಹಲಗೆಯ ಮೇಲೆ ಸಾಮಾನು ಹರಡಿ ಕೆಲಸ ಮಾಡಿದೆ. ಕೈ ಹಾಕಿದಲ್ಲಿ ಕತ್ತರಿ, ಕೈ ಹಾಕಿದಲ್ಲಿ ದಾರ. ಎಷ್ಟು ಆತುರಪಟ್ಟರೂ ಅಂಚು ಕೈ ಕುಯ್ಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಗಟ್ಟಿಯಾಗಿ ಅತ್ತಿತು.

ಅಧ್ಯಕ್ಷರು ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ ಇಟ್ಟುಕೊಂಡು ಬಂದರು. ಜಗಲಿಯಲ್ಲಿ ನೆಂಟರು ತುಂಬಿದ್ದರು.

"ಸೀರೆ ಬೇಡ. ಬೀರು ಕಳಿಸಿ," ಎಂದೆ.

"ಆಗ್ಲಿ ಬುಡಿ, ಮುಂದ್ ನೋಡಮ," ಎಂದು ನಕ್ಕರು.

ಒಳಕೋಣೆಯಿಂದ ಬಾಣಂತಿಯ ದನಿ ಬಂತು, ಸಣ್ಣಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ. "ಮುಂದ್ ಏನ್ ನೋಡದು? ದಿನಾ ಅದ್ನ ಒರ್ಸೋಳು ನಾನು. ಕೊಟ್ಟ್‌ಬುಡಿ ಅತ್ಲಾಗೆ."

ನೆಂಟರೆದುರು ಅವರು ಹೂಂ ಎಂದು ತಲೆಯಾಡಿಸಿದರು.

ಬೀರು ಬಂತು. ಹೇಗೆ ಬಂತು ಕೇಳಿ! ಓಲಗದೊಂದಿಗೆ ಬಂತು. ಬಾಗಿಲ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಬೊಗಸೆಗಾತ್ರದ ಅಕ್ಷರಗಳಲ್ಲಿ ಅಧ್ಯಕ್ಷರ ಹೆಸರು, ಕೆಳಗೆ 'ದಾನಿಗಳು' ಎಂದು. ಡಾಕ್ಟರು ಭಾಷಣ ಮಾಡಿ ಹೊಗಳಿದರು. ಹೂವಿನ ಹಾರವೊಂದನ್ನು ನನ್ನ ಕೈಗೆ ಕೊಟ್ಟು ದಾನಿಗಳಿಗೆ ಹಾಕೆಂದರು. ನಾನು ಅದನ್ನು ಮೇಜಿನ ಮೇಲಿಟ್ಟು ಒಳಗೆ ಹೋದೆ.

ಮರುದಿನ ಆಯಾ, ನಾನು ಸೇರಿ ಬ್ಲೇಡಿನಿಂದ ಆ ಹೆಸರನ್ನು ಕೆರೆದು ಹಾಕಿದೆವು. ಆ ದೊಡ್ಡ ಅಕ್ಷರಗಳ ಹಿಂದೆ ಕತ್ತರಿಯೇ ಕಾಣುತ್ತಿರಲಿಲ್ಲ ಎಂಬುದೂ ನಿಜ. ಆದರೆ ಅದೊಂದೇ ಕಾರಣವೆಂದರೆ ಸುಳ್ಳಾಗುತ್ತದೆ. ಕದ್ದ ಸಾಮಾನು ಹಿಂದಕ್ಕೆ ಕೊಟ್ಟದ್ದಕ್ಕೆ ದಾನವೆಂಬ ಹೆಸರೆ?

ಯುಗಾದಿಗೆ ಮೊದಲೇ ನನ್ನನ್ನು ಕಾಡಂಚಿನ ಹೂಗ್ಯಂ ಕಡೆಗೆ ವರ್ಗ ಮಾಡಿದರು. 'ಹೊಂದಾಣಿಕೆಯ ಸ್ವಭಾವವಿಲ್ಲ' ಎಂದು ಡಾಕ್ಟರೇ ಬರೆದಿದ್ದರಂತೆ. ಹೊರಡುವ ದಿನ ಅಧ್ಯಕ್ಷರ ಹೆಂಡತಿ ಮಗುವನ್ನೆತ್ತಿಕೊಂಡು ಬಸ್ಸಿನ ಹತ್ತಿರ ಬಂದಿದ್ದಳು. ದಾರಿಗೆಂದು ರೊಟ್ಟಿಯ ಗಂಟು ಕೊಟ್ಟಳು.

ಎಪ್ಪತ್ತನೇ ಇಸವಿಯ ಆಚೆಗೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಆಯಾ ಸಿಕ್ಕಳು. ಬೀರು ಗಟ್ಟಿಯಾಗಿದೆ, ಇರುವೆ ಇಲ್ಲ ಎಂದಳು. ಹೊಸ ನರ್ಸಮ್ಮನಿಗೆ ಊರವರು, ಅದನ್ನು ಅಧ್ಯಕ್ಷರು ಕೊಡಿಸಿದ್ದೆಂದೇ ಹೇಳಿದ್ದಾರಂತೆ.

"ನೀನು ಸುಮ್ಮನಿದ್ದೆಯಾ?" ಎಂದೆ.

"ನಾನ್ಯಾಕ್ ಸುಮ್ಕಿರಾನ ಕಣವ್ವ? ಎಲ್ಲಾರ್ಗೂ ಏಳ್ತೀನಿ. ಕೇಳ್ದೋರು ನಗ್ತಾರೆ, ಅಷ್ಟೆಯ."

ನನಗೆ ನಗು ಬರಲಿಲ್ಲ. ಈಗಲೂ ಬರುವುದಿಲ್ಲ.